ಇಂದಿರಾನಗರದ ಬೊಟಿಕ್ ಹೋಟೆಲ್‌ನಲ್ಲಿ ಎರಡು ರಾತ್ರಿ: ನಿದ್ದೆ ಬರುತ್ತಾ?

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ಮದುವೆಗೆ 25 ವರ್ಷ ತುಂಬುತ್ತಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಇಂದಿರಾನಗರದ 12ನೇ ಮೇನ್ ಹತ್ತಿರ ಒಂದು ಬೊಟಿಕ್ ಹೋಟೆಲ್ ನೋಡಿದ್ದಾಳೆ. ಫೋಟೊಗಳು ತುಂಬಾ ಚೆನ್ನಾಗಿವೆ. ಶುಕ್ರವಾರ ರಾತ್ರಿಗೆ 6,800, ಶನಿವಾರಕ್ಕೆ 7,600 ರೂಪಾಯಿ, ತೆರಿಗೆ ಬೇರೆ. ಕ್ಯಾನ್ಸಲ್ ಮಾಡುವುದಿಲ್ಲ ಅಂತ ಒಪ್ಪಿದರೆ ರಾತ್ರಿಗೆ 600 ಕಡಿಮೆಯಂತೆ. ಆದರೆ ನನ್ನ ತಮ್ಮ, 'ಅಲ್ಲೆಲ್ಲ ಪಬ್ಬುಗಳ ಗಲಾಟೆ, ನಿದ್ದೆ ಇರಲ್ಲ, ಅಂಥ ಕಡೆ ಬರೀ ಹುಡುಗ ಹುಡುಗಿ ಜೋಡಿಗಳೇ ಬರೋದು, ರೂಮಲ್ಲಿ ಕ್ಯಾಮೆರಾ ಇಟ್ಟಿರ್ತಾರೆ' ಅಂತ ಹೆದರಿಸಿದ್ದಾನೆ. ಬೊಟಿಕ್ ಅಂದರೆ ಏನು, ಲಾಡ್ಜಿಗೆ ಇಟ್ಟ ಚಂದದ ಹೆಸರಾ? ನಮ್ಮ ರೈಲು ಬೆಳಗ್ಗೆ ಆರಕ್ಕೆ ಮೆಜೆಸ್ಟಿಕ್ ತಲುಪುತ್ತದೆ, ಅಷ್ಟು ಬೇಗ ರೂಮ್ ಕೊಡ್ತಾರಾ? ನಮ್ಮ ಮನೆಯವರಿಗೆ ಮಂಡಿ ನೋವು, ಬೆಳಗ್ಗೆ ಐದಕ್ಕೇ ಎದ್ದು ಕಾಫಿ ಕುಡಿಯುವ ಅಭ್ಯಾಸ. ಶನಿವಾರ ರಾತ್ರಿ ಮಗಳೂ ನಮ್ಮ ಜೊತೆ ಉಳಿಯಬೇಕು ಅಂತಾಳೆ. ಬುಕ್ ಮಾಡಲೋ ಬೇಡವೋ?

ಉತ್ತರ: ಮೊದಲು ಇಪ್ಪತ್ತೈದರ ಶುಭಾಶಯ ಮೇಡಂ. ನಿಮ್ಮ ತಮ್ಮ ಹೇಳಿದ್ದರಲ್ಲಿ ಒಂದು ಮಾತು ನಿಜ, ಇನ್ನೆರಡು ಸುಮ್ನೆ ಹೆದರಿಕೆ. ನಿಜಕ್ಕೂ ನೋಡಿಕೊಳ್ಳಬೇಕಾದ ವಿಷಯವನ್ನು ಮಾತ್ರ ಅವರು ಹೇಳೇ ಇಲ್ಲ. ನಾನು 22 ವರ್ಷ ಹೋಟೆಲ್‌ಗಳ ಫ್ರಂಟ್ ಆಫೀಸಿನಲ್ಲಿ ಇದ್ದವನು. ಕೊನೆಯ ಎಂಟು ವರ್ಷ ಬೆಂಗಳೂರಿನಲ್ಲೇ ಇಂಥದ್ದೊಂದು 14 ರೂಮಿನ ಹೋಟೆಲ್ ನೋಡಿಕೊಂಡೆ. ಹಾಗಾಗಿ ಕೌಂಟರಿನ ಆ ಕಡೆ ಏನು ನಡೆಯುತ್ತದೆ ಅಂತ ಹೇಳಬಲ್ಲೆ.

ಬೊಟಿಕ್ ಅಂದರೆ ನಮ್ಮ ಊರುಗಳಲ್ಲಿ ಬ್ಲೌಸ್ ಹೊಲಿಸುವ ಅಂಗಡಿ, ಅಲ್ವಾ? ಆ ಅರ್ಥ ಹಿಡಿದುಕೊಂಡರೂ ದೊಡ್ಡ ತಪ್ಪಿಲ್ಲ. ಫ್ರೆಂಚ್‌ನಲ್ಲಿ ಅದು ಚಿಕ್ಕ ಅಂಗಡಿ. ಹೋಟೆಲ್‌ಗೆ ಈ ಹೆಸರು ಅಂಟಿದ್ದು 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾರ್ಗನ್ಸ್ ಅನ್ನೋ ಹೋಟೆಲ್ ಶುರುವಾದ ಕಾಲದಲ್ಲಿ. ದೊಡ್ಡ ಹೋಟೆಲ್ ಅಂದರೆ ಎಲ್ಲಾ ಸಿಗುವ ದೊಡ್ಡ ಮಳಿಗೆ, ನಮ್ಮದು ಆರಿಸಿ ಇಟ್ಟ ಸಣ್ಣ ಅಂಗಡಿ ಅನ್ನೋ ಲೆಕ್ಕ. ರೂಮುಗಳು ಕಡಿಮೆ, ಒಂದೊಂದೂ ಬೇರೆ ಥರ, ಗೋಡೆಗೆ ಚಿತ್ರ, ಹಳೇ ಮರದ ಕುರ್ಚಿ, ಕೆಳಗೆ ಒಂದು ಕೆಫೆ. ಇಷ್ಟೇ. ನಮ್ಮ ದೇಶದಲ್ಲಿ ಹೋಟೆಲ್‌ಗಳಿಗೆ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಅದರಲ್ಲಿ ಒಂದರಿಂದ ಐದು ಸ್ಟಾರ್ ಇದೆ, ಹೆರಿಟೇಜ್ ಇದೆ, ಬೊಟಿಕ್ ಅನ್ನೋ ದರ್ಜೆ ಇಲ್ಲ. ಸ್ಟಾರ್ ತಗೊಳ್ಳಲೇಬೇಕು ಅಂತಲೂ ಇಲ್ಲ. ಅಂದರೆ ಯಾರು ಬೇಕಾದರೂ ತಮ್ಮ ಹೋಟೆಲ್‌ಗೆ ಬೊಟಿಕ್ ಅಂತ ಬೋರ್ಡ್ ಹಾಕಬಹುದು. ತುಂಬಾ ಪ್ರೀತಿಯಿಂದ ನಡೆಸುವವರೂ ಹಾಕಿದ್ದಾರೆ, ಹಳೇ ಲಾಡ್ಜಿಗೆ ಬಣ್ಣ ಬಳಿದವರೂ ಹಾಕಿದ್ದಾರೆ.

ಇದರಿಂದ ನಿಮಗೆ ಆಗುವ ವ್ಯತ್ಯಾಸ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಸ್ಟಾರ್ ಬೇಕು ಅಂತ ಅರ್ಜಿ ಹಾಕುವ ಹೋಟೆಲ್‌ಗೆ ಕನಿಷ್ಠ 10 ರೂಮು ಇರಬೇಕು, ಪ್ರತಿ ರೂಮಿಗೂ ಹೊರಗಿನ ಗಾಳಿ ಬರುವ ಕಿಟಕಿ ಇರಬೇಕು. ಸ್ಟಾರ್ ತಗೊಳ್ಳದವರನ್ನು ಆ ಪಟ್ಟಿ ಹಿಡಿದು ಯಾರೂ ಕೇಳುವುದಿಲ್ಲ. ಹಾಗಾಗಿ ಫೋಟೊದಲ್ಲಿ ಚಂದದ ಪರದೆ ಕಾಣುತ್ತದೆ, ಹೋಗಿ ಸರಿಸಿದರೆ ಗೋಡೆ! ತಮಾಷೆ ಮಾಡ್ತಿಲ್ಲ, ಇಂಥ ರೂಮ್ ನಾನು ಕಣ್ಣಾರೆ ನೋಡಿದ್ದೇನೆ.

ಯಾಕೆ ಹೀಗೆ ಅಂದರೆ ಇಂದಿರಾನಗರ ಹೋಟೆಲ್‌ಗೆ ಅಂತ ಕಟ್ಟಿದ ಬಡಾವಣೆ ಅಲ್ಲ. 1970ರ ದಶಕದ ಕೊನೆಗೆ ಬಿಡಿಎ ಮಾಡಿದ ಮನೆಗಳ ಬಡಾವಣೆ ಅದು. ಸೇನೆಯಿಂದ ನಿವೃತ್ತರಾದವರು ತುಂಬಾ ಜನ ಅಲ್ಲಿ ಬಂಗಲೆ ಕಟ್ಟಿಕೊಂಡಿದ್ದರು. ಆಮೇಲೆ 100 ಅಡಿ ರಸ್ತೆ, 12ನೇ ಮೇನ್, ಸಿಎಂಎಚ್ ರಸ್ತೆ ಎಲ್ಲ ಅಂಗಡಿ, ಪಬ್ಬು, ಕೆಫೆ ಆದವು. 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೊ ಮೊದಲ ಸಲ ಓಡಿದ್ದು ಇದೇ ದಾರಿಯಲ್ಲಿ, ಬೈಯಪ್ಪನಹಳ್ಳಿಯಿಂದ ಎಂಜಿ ರಸ್ತೆಗೆ. ಅಲ್ಲಿಂದ ಮುಂದೆ ಕೇಳಬೇಕಾ! ಈಗ ಅಲ್ಲಿ ಸಣ್ಣ ಹೋಟೆಲ್ ಅಂದರೆ ಹೆಚ್ಚಿನ ಮಟ್ಟಿಗೆ ಒಂದು ಮನೆ ಸೈಟು. ನಲವತ್ತು ಅರವತ್ತರ ಸೈಟಿನಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಮಹಡಿಗೆ ನಾಲ್ಕು ರೂಮು. ಮುಂದಿನ ಎರಡಕ್ಕೆ ರಸ್ತೆ ಕಾಣುತ್ತದೆ, ಮಳೆಮರ ಇದ್ದರೆ ಬಾಲ್ಕನಿ ಸ್ವರ್ಗ. ಹಿಂದಿನವಕ್ಕೆ ನಾಲ್ಕೈದು ಅಡಿ ದೂರದಲ್ಲಿ ಪಕ್ಕದ ಮನೆ ಅಡುಗೆಮನೆ ಕಿಟಕಿ, ಅವರ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನೀವೇ ಎಣಿಸಬಹುದು.

ನಿಮ್ಮ ತಮ್ಮ ಹೇಳದೆ ಬಿಟ್ಟಿದ್ದು ಇದನ್ನೇ. 200 ರೂಮಿನ ದೊಡ್ಡ ಹೋಟೆಲ್‌ನಲ್ಲಿ 412ನೇ ರೂಮ್ ಕೊಟ್ಟರೂ 512ನೇ ರೂಮ್ ಕೊಟ್ಟರೂ ಒಂದೇ. ಇಂಥ ಚಿಕ್ಕ ಹೋಟೆಲ್‌ನಲ್ಲಿ ಅದೇ ದುಡ್ಡಿಗೆ, ಅದೇ ದಿನ, ಒಬ್ಬರು ಹೂ ಬಿಟ್ಟ ಮರ ನೋಡಿಕೊಂಡು ಮಲಗುತ್ತಾರೆ, ಇನ್ನೊಬ್ಬರು ಲಿಫ್ಟ್ ಮೋಟಾರಿನ ಗೋಡೆಗೆ ತಲೆ ಕೊಟ್ಟು ಮಲಗುತ್ತಾರೆ. ಹೋಟೆಲ್ ಚೆನ್ನಾಗಿದೆಯಾ ಅಂತ ಕೇಳಿ ಲಾಭ ಇಲ್ಲ. ಯಾವ ರೂಮು ಅಂತ ಕೇಳಬೇಕು.

ನಾನು ನೋಡಿಕೊಳ್ಳುತ್ತಿದ್ದ ಹೋಟೆಲ್‌ನಲ್ಲಿ 203 ಅಂತ ಒಂದು ರೂಮಿತ್ತು. ಒಂದು ಕಡೆ ಲಿಫ್ಟು, ಇನ್ನೊಂದು ಕಡೆ ಕೆಳಗಿನ ಅಡುಗೆಮನೆಯ ಹೊಗೆ ಎಳೆಯುವ ಡಕ್ಟು. ಫೋಟೊದಲ್ಲಿ ಅದೇ ಎಲ್ಲಕ್ಕಿಂತ ಚಂದ, ನೀಲಿ ಗೋಡೆ, ದೊಡ್ಡ ಹಿತ್ತಾಳೆ ದೀಪ. ನಾವು ನಾವೇ ಅದನ್ನು 'ಕೊನೇ ರೂಮು' ಅನ್ನುತ್ತಿದ್ದೆವು. ಅಂದರೆ ಬೇರೆ ಎಲ್ಲಾ ತುಂಬಿದ ಮೇಲೆ ಕೊಡುವುದು. ಬೆಳಗ್ಗೆ ಒಂಬತ್ತಕ್ಕೆ ಆವತ್ತು ಬರುವವರ ಪಟ್ಟಿ ಹಿಡಿದು ಕೂರುತ್ತಿದ್ದೆ. ಮೊದಲು ಮತ್ತೆ ಮತ್ತೆ ಬರುವವರಿಗೆ ಒಳ್ಳೇ ರೂಮು. ಆಮೇಲೆ ನಾಲ್ಕೈದು ದಿನ ಇರುವವರಿಗೆ. ಆಮೇಲೆ ಫೋನ್ ಮಾಡಿ ಏನಾದರೂ ಕೇಳಿಕೊಂಡವರಿಗೆ, ಯಾಕೆಂದರೆ ಅವರು ಬಂದು ಬೈಯ್ಯುತ್ತಾರೆ ಅಂತ ಭಯ. ಕೊನೆಗೆ ಉಳಿಯುವುದು ಆ್ಯಪಿನಲ್ಲಿ ಎಲ್ಲಕ್ಕಿಂತ ಕಡಿಮೆ ದರಕ್ಕೆ, ಕ್ಯಾನ್ಸಲ್ ಮಾಡಲಾಗದ ಹಾಗೆ ಬುಕ್ ಮಾಡಿ, ಒಂದು ಮಾತೂ ಆಡದೆ ರಾತ್ರಿ ಹತ್ತಕ್ಕೆ ಬರುವವರು. 203 ಅವರಿಗೆ. ಪಾಪ, ಒಂದು ಸಲ ಹಾಸನದ ಕಡೆಯ ವಯಸ್ಸಾದ ಗಂಡ ಹೆಂಡತಿಗೆ ಹಾಗೆ ಕೊಟ್ಟುಬಿಟ್ಟಿದ್ದೆ. ಬೆಳಗ್ಗೆ ಆ ಯಜಮಾನರು ಏನೂ ಬೈಯ್ಯಲಿಲ್ಲ, 'ಲಿಫ್ಟು ರಾತ್ರಿ 31 ಸಲ ಓಡಾಡ್ತು ನೋಡಿ' ಅಂದರು ಅಷ್ಟೆ. ನನಗೆ ಈಗಲೂ ನೆನಪಿದೆ.

ಈಗ ನಿಮ್ಮ ಒಂದೊಂದೇ ಹೆದರಿಕೆಗೆ ಬರುತ್ತೇನೆ.

ಗಲಾಟೆ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದು ನಿಜ. ಆದರೆ ಇಂದಿರಾನಗರ ಪೂರ್ತಿ ಹಾಗಲ್ಲ. ಕಾನೂನಿನ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬೆಲ್ ದಾಟಬಾರದು, ವಾಣಿಜ್ಯ ಪ್ರದೇಶದಲ್ಲಿ 55. ಪಬ್ಬುಗಳು ರಾತ್ರಿ ಒಂದು ಗಂಟೆವರೆಗೂ ತೆರೆದಿರುತ್ತವೆ. ಈ ಎರಡೂ ಒಟ್ಟಿಗೆ ಹೇಗೆ ನಡೆಯುತ್ತವೆ ಅಂತ ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ಜಗಳ ಆಡುತ್ತಲೇ ಬಂದಿದ್ದಾರೆ. ಹಾಡಿನ ಮಾತು, ಕೊಳಲು, ಗಿಟಾರು ಇವನ್ನೆಲ್ಲ ಒಂದು ಒಳ್ಳೇ ಗಾಜಿನ ಕಿಟಕಿ ತಡೆಯುತ್ತದೆ. ಆ ದುಬ್ ದುಬ್ ಅನ್ನೋ ಕೆಳದನಿ ಇದೆಯಲ್ಲ, ಅದು ಬರೀ ಕಿಟಕಿಯಿಂದ ಬರುವುದಿಲ್ಲ, ಗೋಡೆ, ನೆಲ, ಕಂಬ ಹಿಡಿದೂ ಬರುತ್ತದೆ, ಕಿವಿಗೆ ಹತ್ತಿ ಇಟ್ಟರೂ ಎದೆಗೆ ಗೊತ್ತಾಗುತ್ತದೆ. ಹಾಗಾಗಿ ಪಬ್ಬು ಪಕ್ಕದ ಕಟ್ಟಡದಲ್ಲಿದ್ದರೆ ಅಥವಾ ನಿಮ್ಮದೇ ಹೋಟೆಲ್‌ನ ತಾರಸಿ ಮೇಲಿದ್ದರೆ ಡಬಲ್ ಗಾಜು ಅಂತ ಅವರು ಎಷ್ಟು ಹೇಳಿದರೂ ನಂಬಬೇಡಿ. ಅದೇ ಪಬ್ಬು ಎರಡು ಕ್ರಾಸ್ ಆಚೆ ಇದ್ದರೆ ಸಾಮಾನ್ಯವಾಗಿ ಏನೂ ಕೇಳಿಸುವುದಿಲ್ಲ.

ಇನ್ನೊಂದು ಇದೆ, ಇದು ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಹಾಡು ನಿಂತ ಮೇಲೆ ನಿದ್ದೆ ಬರುತ್ತದೆ ಅಂದುಕೊಂಡರೆ, ಒಂದೂವರೆಗೆ ಆಟೊಗೆ ಕಾಯುವವರ ಮಾತುಕತೆ. ಎರಡು ಗಂಟೆಗೆ ಪಬ್ಬಿನ ಹಿಂಬಾಗಿಲಲ್ಲಿ ಖಾಲಿ ಬಾಟಲಿಗಳನ್ನು ಕ್ರೇಟಿನಿಂದ ಚೀಲಕ್ಕೆ ಸುರಿಯುತ್ತಾರೆ. ಆ ಸದ್ದಿಗೆ ಸತ್ತವರೂ ಎದ್ದು ಕೂರಬೇಕು. ಹಿಂದಿನ ರೂಮು ಅಂದ ತಕ್ಷಣ ಶಾಂತ ಅಂತ ಅಂದುಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ. ಹಿಂದೆ ಏನಿದೆ ಅಂತ ಕೇಳಿ. ಮನೆ ಇದ್ದರೆ ಒಳ್ಳೆಯದು. ಖಾಲಿ ಸೈಟು ಅಥವಾ ಹೊಸ ಕಟ್ಟಡ ಏಳುತ್ತಿದ್ದರೆ ಬೆಳಗ್ಗೆ ಡ್ರಿಲ್ಲಿಂಗ್ ಗ್ಯಾರಂಟಿ.

ಜೋಡಿಗಳು ಬರುತ್ತಾರೆ ಅನ್ನೋದಕ್ಕೆ ಏನು ಹೇಳಲಿ, ನೀವೂ ಒಂದು ಜೋಡಿಯೇ ಅಲ್ವಾ! ಮದುವೆಯಾಗದ ಇಬ್ಬರು ವಯಸ್ಕರು ಒಂದು ರೂಮಿನಲ್ಲಿ ಉಳಿಯಬಾರದು ಅಂತ ನಮ್ಮಲ್ಲಿ ಯಾವ ಕಾನೂನೂ ಇಲ್ಲ. 2019ರಲ್ಲಿ ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನೇ ಹೇಳಿತು. ಎಲ್ಲರ ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದು ರೂಮ್ ಕೊಡುವ ಹೋಟೆಲ್ ಸರಿಯಾದ ಹೋಟೆಲ್ಲೇ. ಚೀಟಿ ಬೇಡ, ಹೆಸರು ಏನಾದ್ರೂ ಬರೀರಿ ಸರ್ ಅನ್ನುವ ಕಡೆ ಮಾತ್ರ ಕಾಲಿಡಬೇಡಿ. ಮತ್ತೆ, ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಡಿ. ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್ ಕೊಟ್ಟರೂ ನಡೆಯುತ್ತದೆ.

ಇಲ್ಲಿ ನಿಮಗೊಂದು ಸಣ್ಣ ತೊಡಕು ಬರಬಹುದು, ಅದು ನಿಮ್ಮ ಮಗಳದ್ದು. ಅವಳ ಗುರುತಿನ ಚೀಟಿಯಲ್ಲಿ ಬೆಂಗಳೂರಿನ ವಿಳಾಸ ಇದ್ದರೆ ಕೆಲವು ಹೋಟೆಲ್‌ಗಳು 'ಲೋಕಲ್ ಐಡಿ ತಗೊಳ್ಳಲ್ಲ' ಅಂತಾರೆ. ಇದು ಕಾನೂನಲ್ಲ, ಅವರವರ ನಿಯಮ. ಅಪ್ಪ ಅಮ್ಮನ ಜೊತೆ ಬರುವವಳಿಗೆ ಸಾಮಾನ್ಯವಾಗಿ ಬೇಡ ಅನ್ನಲ್ಲ, ಆದರೂ ಶನಿವಾರ ರಾತ್ರಿ ಹತ್ತು ಗಂಟೆಗೆ ಕೌಂಟರಿನಲ್ಲಿ ನಿಂತು ವಾದ ಮಾಡುವ ಬದಲು ಮೊದಲೇ ಫೋನಿನಲ್ಲಿ ಹೇಳಿಬಿಡಿ. ಮೂರನೆಯವರಿಗೆ ಎಷ್ಟು, ಹಾಸಿಗೆ ನೆಲಕ್ಕೆ ಹಾಕ್ತಾರಾ ಮಂಚ ಕೊಡ್ತಾರಾ, ಅದನ್ನೂ ಕೇಳಿ.

ಮಗಳ ವಿಷಯ ಬಂತಲ್ಲ, ಬಾತ್‌ರೂಮಿನ ಗೋಡೆ ನೋಡಿ. ನಗಬೇಡಿ. ಬೊಟಿಕ್ ಹೋಟೆಲ್‌ಗಳಲ್ಲಿ ಸ್ಟೈಲ್ ಅಂತ ರೂಮಿಗೂ ಬಾತ್‌ರೂಮಿಗೂ ಮಧ್ಯೆ ಬರೀ ಗಾಜು ಹಾಕಿರುತ್ತಾರೆ. ಪರದೆ ಇದ್ದರೂ ನೆರಳು ಕಾಣುತ್ತದೆ. ಹೊಸದಾಗಿ ಮದುವೆಯಾದವರಿಗೆ ಸರಿ, ಬೆಳೆದ ಮಗಳು ಜೊತೆಗಿದ್ದಾಗ ಎಲ್ಲರಿಗೂ ಮುಜುಗರ. ಒಂದು ಕುಟುಂಬ ಇದೇ ಕಾರಣಕ್ಕೆ ನಮ್ಮ ಹೋಟೆಲ್‌ನಲ್ಲಿ ಎರಡು ಬೆಡ್‌ಶೀಟನ್ನು ಗಾಜಿಗೆ ಅಂಟಿಸಿಕೊಂಡು ದಿನ ಕಳೆದಿತ್ತು. ಜೊತೆಗೆ ಬಕೆಟ್ಟು, ಮಗ್ಗು ಕೇಳಿ. ಮಳೆಯಂತೆ ಸುರಿಯುವ ಶವರ್ ಇರುತ್ತದೆ, ಕೂತು ಸ್ನಾನ ಮಾಡಲು ಸ್ಟೂಲ್ ಇರಲ್ಲ, ಮಂಡಿ ನೋವಿನವರಿಗೆ ಅದೇ ಮುಖ್ಯ. ಲಿಫ್ಟ್ ಇದೆಯಾ ಅಂತ ಮಾತ್ರ ಅಲ್ಲ, ಲಿಫ್ಟಿಗೆ ಹೋಗಲು ಎಷ್ಟು ಮೆಟ್ಟಿಲು ಅಂತ ಕೇಳಿ. ಹಳೇ ಬಂಗಲೆಯನ್ನು ಹೋಟೆಲ್ ಮಾಡಿರುವ ಕಡೆ ಬಾಗಿಲಲ್ಲೇ ಆರೇಳು ಮೆಟ್ಟಿಲು ಇರುತ್ತವೆ, ಅದಾದ ಮೇಲೆ ಲಿಫ್ಟು.

ಇನ್ನು ಕ್ಯಾಮೆರಾ. ಇದನ್ನು ತೀರಾ ತಳ್ಳಿಹಾಕಲ್ಲ, ಅಲ್ಲಿ ಇಲ್ಲಿ ಸಿಕ್ಕಿರುವುದು ನಿಜ. ಆದರೆ ಅದಕ್ಕೂ ಬೊಟಿಕ್‌ಗೂ ಸಂಬಂಧ ಇಲ್ಲ, ಯಾವ ರೂಮಿನಲ್ಲಾದರೂ ಆಗಬಹುದು. ಕನ್ನಡಿಗೆ ಉಗುರು ಇಟ್ಟು ಮಧ್ಯೆ ಸಂದಿ ಇದೆಯಾ ನೋಡಿ ಅಂತ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಲ್ಲ, ಆ ಪರೀಕ್ಷೆ ನಂಬಿಕೊಂಡು ಕೂರುವಂಥದ್ದಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಗುಪ್ತ ಕ್ಯಾಮೆರಾದ ಕೆಂಪು ಬೆಳಕು ಕಾಣುತ್ತೆ ಅನ್ನೋದೂ ಅರ್ಧ ಸತ್ಯ, ಎಷ್ಟೋ ಫೋನುಗಳು ಆ ಬೆಳಕನ್ನು ಸೋಸಿಬಿಡುತ್ತವೆ. ಸುಲಭದ್ದು ಇದು: ರೂಮಿನ ಲೈಟೆಲ್ಲ ಆರಿಸಿ, ಪರದೆ ಎಳೆದು, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ನಿಧಾನಕ್ಕೆ ಸುತ್ತ ಬಿಡಿ. ಸಣ್ಣ ಲೆನ್ಸ್ ಇದ್ದರೂ ಬೆಳಕು ನೇರ ಬಿದ್ದಾಗ ಸಾಮಾನ್ಯವಾಗಿ ಚುಕ್ಕಿಯ ಹಾಗೆ ಹೊಳೆಯುತ್ತದೆ. ಮಂಚದ ಎದುರಿಗೆ ಇರುವ ಸೆಟ್‌ಟಾಪ್ ಬಾಕ್ಸ್, ಗಡಿಯಾರ, ಹೊಗೆ ಪತ್ತೆ ಮಾಡುವ ಬಿಲ್ಲೆ, ಕಾರಣವಿಲ್ಲದೆ ಚುಚ್ಚಿಟ್ಟ ಚಾರ್ಜರ್, ಇಷ್ಟು ನೋಡಿದರೆ ಸಾಕು. ಎರಡು ನಿಮಿಷದ ಕೆಲಸ. ಏನಾದರೂ ಸಿಕ್ಕರೆ ಕೀಳಬೇಡಿ, ರಿಸೆಪ್ಷನ್‌ಗೂ ಮೊದಲು ಹೇಳಬೇಡಿ. ಫೋಟೊ ತೆಗೆದು, ಹೊರಗೆ ಬಂದು 112ಕ್ಕೆ ಕರೆ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಹೆಂಗಸರನ್ನು ಹೀಗೆ ಕದ್ದು ಚಿತ್ರೀಕರಿಸಿದರೆ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು.

ಇಷ್ಟು ವರ್ಷದಲ್ಲಿ ನಾನು ಕ್ಯಾಮೆರಾ ವಿಷಯಕ್ಕೆ ನಿದ್ದೆಗೆಟ್ಟಿದ್ದಕ್ಕಿಂತ ಬೆಂಕಿ ವಿಷಯಕ್ಕೆ ನಿದ್ದೆಗೆಟ್ಟಿದ್ದು ಜಾಸ್ತಿ. ಮನೆ ಸೈಟಿನ ಕಟ್ಟಡದಲ್ಲಿ ಸಾಮಾನ್ಯವಾಗಿ ಒಂದೇ ಮೆಟ್ಟಿಲು ಇರುತ್ತದೆ. ರೂಮಿಗೆ ಹೋದ ತಕ್ಷಣ ಒಂದು ಸಲ ಬಾಗಿಲಿಂದ ಮೆಟ್ಟಿಲವರೆಗೆ ನಡೆದು ನೋಡಿ, ದಾರಿಯಲ್ಲಿ ಹಳೇ ಹಾಸಿಗೆ, ಲಾಂಡ್ರಿ ಗಾಡಿ ಅಡ್ಡ ಇಟ್ಟಿದ್ದರೆ ತೆಗೆಸಿ. ಯಜಮಾನರಿಗೆ ಮಂಡಿ ನೋವು ಅಂತೀರಿ, ಒಂದು ಅಥವಾ ಎರಡನೇ ಮಹಡಿ ಸಾಕು.

ಫೋಟೊ ಬಗ್ಗೆ ಒಂದು ಮಾತು. ಅವೆಲ್ಲ ಅಗಲ ಲೆನ್ಸಿನಲ್ಲಿ ಮೂಲೆಗೆ ಒತ್ತಿ ನಿಂತು ತೆಗೆದದ್ದು, ಹತ್ತಡಿ ರೂಮು ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ನೆಲದ ಟೈಲ್ಸ್ ಎಣಿಸಿ. ದೊಡ್ಡ ಚೌಕದ ಟೈಲ್ಸ್ ಹೆಚ್ಚಾಗಿ ಎರಡಡಿಗೆ ಎರಡಡಿ ಇರುತ್ತದೆ. ಮಂಚದ ಪಕ್ಕ ಗೋಡೆಗೆ ಒಂದೇ ಟೈಲ್ ಜಾಗ ಇದೆ ಅಂದರೆ ಮಗಳಿಗೆ ಹಾಸಿಗೆ ಹಾಕಲು ಜಾಗ ಇಲ್ಲ ಅಂತ ಅರ್ಥ. ಮರದ ನೆಲ ಇದ್ದರೆ ಮಂಚ ನೋಡಿ ಅಂದಾಜು ಮಾಡಿ, ಕಿಂಗ್ ಸೈಜ್ ಮಂಚ ಆರಡಿ ಅಗಲ. ರಿವ್ಯೂ ಓದುವಾಗ ಐದು ಸ್ಟಾರಿನವೂ ಬೇಡ, ಒಂದು ಸ್ಟಾರಿನವೂ ಬೇಡ. ಮೂರು ಸ್ಟಾರ್ ಕೊಟ್ಟವರದ್ದು ಓದಿ, ಹೊಸದು ಮೊದಲು. ಸುಮ್ಮನೆ ಕೋಪದಲ್ಲಿ ಬರೆಯುವವರು ಒಂದು ಕೊಡುತ್ತಾರೆ, ಮೂರು ಕೊಡುವವನು ಯೋಚನೆ ಮಾಡಿ ಬರೆದಿರುತ್ತಾನೆ. ಶಬ್ದ, ವಾಸನೆ, ಕಿಟಕಿ ಅನ್ನೋ ಪದಗಳು ಎಷ್ಟು ಸಲ ಬರುತ್ತವೆ ನೋಡಿ.

ದುಡ್ಡಿನ ಲೆಕ್ಕಕ್ಕೆ ಬರೋಣ, ಇಲ್ಲಿ ನಿಮಗೆ ನಿಜವಾದ ಲಾಭ ಇದೆ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದಕ್ಕೆ ಮೇಲೆ ಒಂದು ರೂಪಾಯಿ ಹೋದರೂ ಶೇ 18, ಅದೂ ಪೂರ್ತಿ ಮೊತ್ತದ ಮೇಲೆ. ನಿಮ್ಮ ಶುಕ್ರವಾರದ 6,800 ತೆರಿಗೆ ಸೇರಿ 7,140 ಆಗುತ್ತದೆ. ಶನಿವಾರದ 7,600 ಮಾತ್ರ 8,968! ಅದೇ ಶನಿವಾರಕ್ಕೆ 7,500 ಇದ್ದಿದ್ದರೆ 7,875ಕ್ಕೆ ಮುಗಿಯುತ್ತಿತ್ತು. ಅಂದರೆ ಹೋಟೆಲ್‌ನವರು ನೂರು ರೂಪಾಯಿ ಇಳಿಸಿದರೆ ನಿಮಗೆ 1,093 ಉಳಿಯುತ್ತದೆ. ಆ್ಯಪಿನಲ್ಲಿ ಇದನ್ನು ಯಾರ ಹತ್ತಿರ ಕೇಳುತ್ತೀರಿ? ನೇರವಾಗಿ ಹೋಟೆಲ್‌ಗೆ ಫೋನ್ ಮಾಡಿ ಕೇಳಿ. ಆ್ಯಪಿನವರಿಗೆ ಹೋಟೆಲ್‌ನವರು ನೂರಕ್ಕೆ 15ರಿಂದ 25ರವರೆಗೂ ಕಮಿಷನ್ ಕೊಡಬೇಕಾಗುತ್ತದೆ, ಹಾಗಾಗಿ ನೇರ ಬರುವವರಿಗೆ ನೂರು ಬಿಡುವುದು ಅವರಿಗೆ ಲೆಕ್ಕವೇ ಅಲ್ಲ.

ಕ್ಯಾನ್ಸಲ್ ಆಗದ ದರದಲ್ಲಿ ಶನಿವಾರ 7,000ಕ್ಕೆ ಇಳಿಯುವುದರಿಂದ ಅದು ಇನ್ನೂ ಅಗ್ಗ ಅನ್ನಿಸುತ್ತದೆ. ಎರಡು ರಾತ್ರಿಗೆ ತೆರಿಗೆ ಸೇರಿ 13,860. ನಾನು ಹೇಳಿದ ಹಾಗೆ ಮಾತಾಡಿ ಶನಿವಾರಕ್ಕೆ 7,500 ಮಾಡಿಸಿದರೆ 15,015. ವ್ಯತ್ಯಾಸ 1,155. ಯಾರಿಗೋ ಜ್ವರ ಬಂತು, ರೈಲು ರದ್ದಾಯಿತು ಅಂದರೆ ಆ 13,860 ಹೋದ ಹಾಗೇ. ಅದಕ್ಕಿಂತ ಮುಖ್ಯವಾಗಿ 'ಕೊನೇ ರೂಮು' ಯಾರಿಗೆ ಹೋಗುತ್ತದೆ ಅಂತ ಆಗಲೇ ಹೇಳಿದೆ. ನಾನಾದರೆ ಆ 1,155 ಕೊಟ್ಟುಬಿಡುತ್ತೇನೆ. ಕೈ ಬಿಗಿ ಇದ್ದು ಕಡಿಮೆ ದರವೇ ಬೇಕು ಅಂದರೂ ಬುಕ್ ಮಾಡಿದ ಮೇಲೆ ಹೋಟೆಲ್‌ಗೆ ಒಂದು ಫೋನ್ ಮಾತ್ರ ತಪ್ಪಿಸಬೇಡಿ.

ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಇದ್ದರೆ ಕೊಡಲೇಬೇಕು ಅಂತಿಲ್ಲ. ತಾವೇ ಸೇರಿಸುವ ಹಾಗಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅಂದರೆ ತೆಗೆಯುತ್ತಾರೆ, ತೆಗೆಯದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ.

ಆ ಫೋನ್ ಹೇಗೆ ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಾಡಬೇಡಿ, ಅದು ಚೆಕ್‌ಔಟ್ ಹೊತ್ತು, ಹೂಂ ಹೂಂ ಅಂದು ಇಟ್ಟುಬಿಡುತ್ತಾರೆ. ಮಧ್ಯಾಹ್ನ ಮೂರರಿಂದ ಐದರೊಳಗೆ ಮಾಡಿ, ಡ್ಯೂಟಿ ಮ್ಯಾನೇಜರ್ ಕೊಡಿ ಅನ್ನಿ. 'ನಮ್ಮದು ಮದುವೆಯ ಇಪ್ಪತ್ತೈದನೇ ವರ್ಷ, ಊರಿಂದ ಬರ್ತಿದ್ದೀವಿ' ಅಂತ ಮೊದಲೇ ಹೇಳಿ, ಸಂಕೋಚ ಬೇಡ. ಆಮೇಲೆ ರೂಮ್ ನಂಬರ್ ಯಾವುದು, ಕಿಟಕಿ ಯಾವ ಕಡೆ ತೆರೆಯುತ್ತೆ, ಕೆಳಗೆ ಮೇಲೆ ಪಕ್ಕದಲ್ಲಿ ಏನಿದೆ, ಲಿಫ್ಟಿನಿಂದ ಎಷ್ಟು ದೂರ, ಜನರೇಟರ್ ಎಲ್ಲಿಟ್ಟಿದ್ದೀರಿ. 'ಎಲ್ಲಾ ರೂಮೂ ಚೆನ್ನಾಗಿದೆ ಮೇಡಂ' ಅಂದರೆ 'ನಿಮ್ಮ ಅಮ್ಮ ಬಂದರೆ ಯಾವ ರೂಮ್ ಕೊಡ್ತೀರಪ್ಪಾ?' ಅಂತ ಕೇಳಿ ನೋಡಿ. ನನಗೇ ಒಬ್ಬರು ಹೀಗೆ ಕೇಳಿದ್ದರು, ಬಾಯಿಂದ ತಾನಾಗೇ 301 ಅಂತ ಬಂದುಬಿಟ್ಟಿತ್ತು. ಒಪ್ಪಿದ್ದನ್ನೆಲ್ಲ ವಾಟ್ಸ್ಆ್ಯಪಿನಲ್ಲೋ ಇಮೇಲಿನಲ್ಲೋ ಬರೆಸಿಕೊಳ್ಳಿ. ಬರುವ ಹಿಂದಿನ ದಿನ ಸಂಜೆ ಇನ್ನೊಂದು ಸಲ ನೆನಪಿಸಿ, ಯಾಕೆಂದರೆ ಮರುದಿನ ಬೆಳಗ್ಗೆ ಪಟ್ಟಿ ಹಿಡಿದು ಕೂರುವವನು ಬೇರೆಯವನಿರಬಹುದು.

ಬೆಳಗ್ಗೆ ಆರರ ರೈಲಿಗೆ ರೂಮ್ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ವಾರದ ದಿನ ಆಫೀಸ್ ಕೆಲಸಕ್ಕೆ ಬರುವವರು ಜಾಸ್ತಿ, ಗುರುವಾರ ರಾತ್ರಿ ರೂಮುಗಳು ತುಂಬಿರುತ್ತವೆ, ಅವರು ಬಿಡುವುದು ಹನ್ನೊಂದು ಹನ್ನೆರಡಕ್ಕೆ. ಗುರುವಾರಕ್ಕೂ ದುಡ್ಡು ಕೊಟ್ಟು ಕಾಯ್ದಿರಿಸಬಹುದು, ಆದರೆ ಮೂರು ಗಂಟೆ ಮಲಗಲು ಏಳು ಸಾವಿರ ದಂಡ. ಸ್ನಾನ ಆಗಲೇಬೇಕು ಅಂದರೆ ರೈಲು ನಿಲ್ದಾಣದಲ್ಲೇ ರಿಟೈರಿಂಗ್ ರೂಮ್ ಇದೆ, ಟಿಕೆಟ್ ಪಿಎನ್‌ಆರ್ ಮೇಲೆ ಮೊದಲೇ ಬುಕ್ ಮಾಡಬಹುದು. ಇಲ್ಲದಿದ್ದರೆ ನಿಲ್ದಾಣದ ಹತ್ತಿರವೇ ನೇರಳೆ ಮಾರ್ಗದ ಮೆಟ್ರೊ ಹತ್ತಿ, ವೈಟ್‌ಫೀಲ್ಡ್ ಕಡೆಗೆ. ಎಲ್ಲೂ ಬದಲಾಯಿಸಬೇಕಾಗಿಲ್ಲ, ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಇಂದಿರಾನಗರ. ಹೋಟೆಲ್‌ನಲ್ಲಿ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಅದಕ್ಕೆ ದುಡ್ಡಿಲ್ಲ. ತಿಂಡಿ ತಿಂದು, ಒಂದೇ ಸ್ಟಾಪ್ ಹಿಂದಿರುವ ಹಲಸೂರಿಗೆ ಹೋಗಿ ಹಳೇ ಸೋಮೇಶ್ವರ ದೇವಸ್ಥಾನ ನೋಡಿಕೊಂಡು ಬನ್ನಿ. ಹನ್ನೊಂದರ ಹೊತ್ತಿಗೆ ರೂಮ್ ಸಿದ್ಧ ಇರುವ ಸಾಧ್ಯತೆ ಜಾಸ್ತಿ, ಮೊದಲೇ ಕೇಳಿಟ್ಟಿದ್ದರೆ ಇನ್ನೂ ಜಾಸ್ತಿ.

ಹಾಗಾದರೆ ಬುಕ್ ಮಾಡಲಾ ಅಂದರೆ, ಮಾಡಿ. 12ನೇ ಮೇನ್‌ಗೆ ಮುಖ ಮಾಡಿದ ಹೋಟೆಲ್ ಆಗಿದ್ದರೆ ಮೇಲೆ ಹೇಳಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಂದರೆ ಮಾತ್ರ. ಬರದಿದ್ದರೆ ಅಲ್ಲೇ ಒಳಗಿನ ಕ್ರಾಸ್‌ಗಳಲ್ಲಿ, ಡಿಫೆನ್ಸ್ ಕಾಲೊನಿ ಕಡೆ ಹುಡುಕಲು ಮಗಳಿಗೆ ಹೇಳಿ. ಮರ ಇದೆ, ಮನೆಗಳಿವೆ, ಹತ್ತಕ್ಕೆಲ್ಲ ಬೀದಿ ಮಲಗುತ್ತದೆ, 12ನೇ ಮೇನ್‌ಗೆ ಆಟೊದಲ್ಲಿ ಐದು ನಿಮಿಷ. ಕೊರತೆ ಅಂದರೆ ರಾತ್ರಿ ನಡೆದು ಬರುವಾಗ ಬೀದಿ ಸ್ವಲ್ಪ ಕತ್ತಲೆ, ಫುಟ್‌ಪಾತ್ ಕಲ್ಲು ಮೇಲೆ ಕೆಳಗೆ, ಮಂಡಿ ನೋವಿನವರನ್ನು ನಡೆಸಬೇಡಿ. ಇದೇ ದುಡ್ಡಿಗೆ ಎಂಜಿ ರಸ್ತೆ ಕಡೆ ದೊಡ್ಡ ಸ್ಟಾರ್ ಹೋಟೆಲ್ ಸಿಗಬಹುದು, ನಿದ್ದೆ ಗ್ಯಾರಂಟಿ, ಲಿಫ್ಟು ನಾಲ್ಕಿರುತ್ತವೆ, ಆದರೆ ಮಗಳು ತೋರಿಸಬೇಕು ಅಂದುಕೊಂಡಿರುವ ಆ ಊರು ಅಲ್ಲಿ ಸಿಗಲ್ಲ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಉಳಿದು ಸಂಜೆ ಮಾತ್ರ ಇಂದಿರಾನಗರಕ್ಕೆ ಬರೋಣ ಅನ್ನುವವರೂ ಇದ್ದಾರೆ. ಶನಿವಾರ ರಾತ್ರಿ ಊಟ ಮುಗಿಸಿ ವಾಪಸ್ ಹೋಗಲು ಕ್ಯಾಬ್ ಸಿಗುವಷ್ಟರಲ್ಲಿ ಅವರ ಮುಖ ನೋಡಬೇಕು ನೀವು.

ಕೊನೆಗೆ ಯಜಮಾನರ ಐದು ಗಂಟೆ ಕಾಫಿ. ರೂಮಿನಲ್ಲಿ ಕೆಟಲ್ ಇರುತ್ತದೆ, ಜೊತೆಗೆ ಇನ್‌ಸ್ಟಂಟ್ ಪುಡಿಯ ಎರಡು ಪೊಟ್ಟಣ, ಅದು ಅವರಿಗೆ ಆಗಲ್ಲ ಅಂತ ನನಗೆ ಗೊತ್ತು. ತಿಂಡಿ ಶುರುವಾಗುವುದು ಏಳೂವರೆಗೆ, ಅದೂ ಬೆಣ್ಣೆಹಣ್ಣು ಸವರಿದ ಬ್ರೆಡ್ಡು. ದರ್ಶಿನಿಗಳು ಆರರ ಸುಮಾರಿಗೆ ತೆರೆಯುತ್ತವೆ. ಆದರೆ ಪ್ರತಿ ಸಣ್ಣ ಹೋಟೆಲ್‌ನಲ್ಲೂ ರಾತ್ರಿ ಪಾಳಿಯ ಒಬ್ಬ ಹುಡುಗ ಇರುತ್ತಾನೆ. ನಾಲ್ಕೂವರೆಗೆ ನಿದ್ದೆ ಓಡಿಸಲು ಅವನು ತನಗೆ ಅಂತ ಏನಾದರೂ ಮಾಡಿಕೊಂಡೇ ಇರುತ್ತಾನೆ, ನಮ್ಮಲ್ಲಿದ್ದವನು ಚಿಕ್ಕಮಗಳೂರು ಕಡೆಯವನು, ದಿನಾ ಡಿಕಾಕ್ಷನ್ ಇಳಿಸುತ್ತಿದ್ದ. ಮೆನುವಿನಲ್ಲಿ ಇರಲಿಲ್ಲ, ಕೇಳಿದವರಿಗೆ ಸಿಗುತ್ತಿತ್ತು. ಶುಕ್ರವಾರ ರಾತ್ರಿ ಮಲಗುವ ಮುಂಚೆ ಕೆಳಗೆ ಹೋಗಿ ಅವನ ಹೆಸರು ಕೇಳಿ ಮಾತಾಡಿಸಿ ಬರಲು ಯಜಮಾನರಿಗೆ ಹೇಳಿ. ಸಕ್ಕರೆ ಎಷ್ಟು ಅಂತಲೂ ಆಗಲೇ ಹೇಳಿಬಿಡಲಿ.